ಪೋನಿಗೆ ಬಾಯಿಕುಕ್ಕೆ: ಎಷ್ಟು ಹೊತ್ತು, ಯಾವ ಅಳತೆ, ಎಲ್ಲಿ ಕೈಕೊಡುತ್ತದೆ

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ. ಮಗಳಿಗೆಂದು ಸಾಕಿರುವ ವೆಲ್ಷ್ ಪೋನಿಗೆ (ವೇಲ್ಸ್ ಮೂಲದ ಗಿಡ್ಡ ಕುದುರೆ) ಈಗ 13 ವರ್ಷ, ತೂಕ ಸುಮಾರು 260 ಕೆ.ಜಿ. ಹೋದ ವರ್ಷ ಮೇ ತಿಂಗಳಲ್ಲಿ ಲ್ಯಾಮಿನೈಟಿಸ್ (ಗೊರಸಿನ ಒಳಪದರಗಳ ನೋವಿನ ಕಾಯಿಲೆ) ಆಗಿ ಎರಡು ತಿಂಗಳು ಲಾಯದಲ್ಲೇ ನಿಂತಿತ್ತು. ರಕ್ತಪರೀಕ್ಷೆಯಲ್ಲಿ ಇನ್ಸುಲಿನ್ ಜಾಸ್ತಿ ಬಂದಿದೆ. ಈಗ ನಡಿಗೆ ಸರಿಹೋಗಿದೆ. ದಿನಕ್ಕೆ ಮೂರೇ ಗಂಟೆ ಹುಲ್ಲಿಗೆ ಬಿಡುತ್ತೇವೆ, ಆದರೂ ಮೈ ಇಳಿಯುತ್ತಿಲ್ಲ. ಗ್ರೇಜಿಂಗ್ ಮಜಲ್, ಅಂದರೆ ಮೇಯುವಾಗ ಬಾಯಿಗೆ ಕಟ್ಟುವ ಕುಕ್ಕೆ ಹಾಕಿ ಎಂದು ವೆಟ್ (ಪಶುವೈದ್ಯರು) ಹೇಳಿದ್ದಾರೆ. ಮನೆಯಲ್ಲಿ ಅತ್ತೆಯವರು, "ಮೂಕಪ್ರಾಣಿಯ ಬಾಯಿ ಕಟ್ಟಿದರೆ ಪಾಪ ಸುತ್ತಿಕೊಳ್ಳುತ್ತೆ" ಅಂತಾರೆ. ಹಾಕಬೇಕೇ? ಹಾಕಿದರೆ ಎಷ್ಟು ಹೊತ್ತು? ಅದು ನೀರು ಕುಡಿಯುವುದು ಹೇಗೆ?

ಉತ್ತರ: ಹಾಕಿ. ನಿಮ್ಮ ಅತ್ತೆಯವರ ಮಾತಿನಲ್ಲೂ ಹುರುಳಿದೆ, ಅದಕ್ಕೆ ಆಮೇಲೆ ಬರೋಣ. ಮೊದಲು ಆ ಮೂರು ಗಂಟೆಯ ಲೆಕ್ಕ ನೋಡಿ. ಎಡವಟ್ಟಾಗಿರುವುದು ಅಲ್ಲೇ.

ತೂಕ ಇಳಿಯಬೇಕಾದ ಪೋನಿಗೆ ದಿನಕ್ಕೆ ಅದರ ಮೈತೂಕದ ಶೇ. 1.5ರಷ್ಟು ಮೇವು ಸಾಕು. ಇದು ನೀರಿನಂಶ ಕಳೆದ ಒಣತೂಕದ ಲೆಕ್ಕ. 260 ಕೆ.ಜಿ.ಗೆ 3.9 ಕೆ.ಜಿ. ಆಯಿತು. ಒಣಹುಲ್ಲಾದರೆ ನಾಲ್ಕೂವರೆ ಕೆ.ಜಿ. ಚಿಲ್ಲರೆ, ನೀರೇ ತುಂಬಿರುವ ವಸಂತದ ಹಸಿಹುಲ್ಲಾದರೆ 20 ಕೆ.ಜಿ. ಹತ್ತಿರ. ಈಗ ಇನ್ನೊಂದು ಅಂಕಿ ಇಟ್ಟುಕೊಳ್ಳಿ. ಹೊತ್ತು ಕಡಿಮೆ ಎಂದು ಗೊತ್ತಾದ ಪೋನಿ ತಲೆ ಎತ್ತದೆ ಮೇಯುತ್ತದೆ. ಬ್ರಿಟನ್‌ನಲ್ಲಿ ಅಳತೆ ಮಾಡಿದಾಗ, ಮೂರೇ ಗಂಟೆಯಲ್ಲಿ ಮೈತೂಕದ ಶೇ. 1ರ ಹತ್ತಿರ ಒಣತೂಕ ತಿಂದ ಪೋನಿಗಳು ಸಿಕ್ಕಿವೆ. ನಿಮ್ಮದಕ್ಕೆ ಅದು 2.6 ಕೆ.ಜಿ. ದಿನದ ಪಾಲಿನಲ್ಲಿ ಮೂರನೇ ಎರಡು ಭಾಗ ಮೂರು ಗಂಟೆಯಲ್ಲಿ ಮುಗಿಯಿತು. ಮಿಕ್ಕ 21 ಗಂಟೆಗೆ ಉಳಿದದ್ದು 1.3 ಕೆ.ಜಿ. ಅಷ್ಟನ್ನೇ ಕೊಟ್ಟರೆ ಅದು ಗೋಡೆ ಕಚ್ಚುತ್ತ ನಿಲ್ಲುತ್ತದೆ; ಪಾಪವೆಂದು ಒಂದು ಬಲೆಚೀಲ ಹುಲ್ಲು ತೂಗುಹಾಕಿದಿರೋ, ಲೆಕ್ಕ ಹರಿದುಹೋಯಿತು. ಕುದುರೆಯ ಜಠರದಲ್ಲಿ ಆಮ್ಲ ಹಗಲು-ರಾತ್ರಿ ಊರುತ್ತಲೇ ಇರುತ್ತದೆ. ಮೇವಿಲ್ಲದೆ ಗಂಟೆಗಟ್ಟಲೆ ನಿಂತರೆ ಹುಣ್ಣಿಗೂ ದಾರಿ.

ಅಂದರೆ ನೀವು ಕತ್ತರಿಸಬೇಕಾದದ್ದು ಹೊತ್ತನ್ನಲ್ಲ, ತುತ್ತನ್ನು. ಕುಕ್ಕೆ ಮಾಡುವುದು ಅದನ್ನೇ.

ಇದಕ್ಕೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಎಂದರೆ ಇನ್ಸುಲಿನ್‌ನಿಂದಾಗಿ. ಗೊರಸಿನ ಹೊರಗೋಡೆಯನ್ನೂ ಒಳಗಿನ ಮೂಳೆಯನ್ನೂ ಹಿಡಿದಿರುವುದು ಪುಸ್ತಕದ ಹಾಳೆಗಳಂತೆ ಒಂದರೊಳಗೊಂದು ಸೇರಿದ ತೆಳು ಪದರಗಳು. ಪ್ರಾಣಿಯ ಇಡೀ ಭಾರ ನೇತುಬಿದ್ದಿರುವುದು ಆ ಹಿಡಿತದ ಮೇಲೆ. ಹುಲ್ಲಿನ ಸಕ್ಕರೆ ಜಾಸ್ತಿಯಾಗಿ ರಕ್ತದಲ್ಲಿ ಇನ್ಸುಲಿನ್ ಬಹಳ ಹೊತ್ತು ಏರಿ ನಿಂತರೆ ಪದರಗಳು ಎಳೆದುಕೊಂಡು ಸಡಿಲವಾಗುತ್ತವೆ, ಮೂಳೆ ತಿರುಗುತ್ತದೆ ಅಥವಾ ಕೆಳಗೆ ಜಾರುತ್ತದೆ. ಆರೋಗ್ಯವಾಗಿದ್ದ ಪೋನಿಗಳಿಗೆ ಇನ್ಸುಲಿನ್ ಹರಿಸಿಯೇ ಲ್ಯಾಮಿನೈಟಿಸ್ ಬರಿಸಬಹುದೆಂದು ಆಸ್ಟ್ರೇಲಿಯಾದ ಸಂಶೋಧಕರು 2007ರಲ್ಲಿ ತೋರಿಸಿದರು. ನಿಮ್ಮ ಸುತ್ತಲಿನ ಗದ್ದೆಗಳಲ್ಲಿ ಹೆಚ್ಚಾಗಿ ಇರುವುದು ಹಾಲಿನ ಹಸುಗಳಿಗೆಂದು ಬಿತ್ತಿದ, ಸಕ್ಕರೆ ಹೆಚ್ಚಿರುವ ರೈಗ್ರಾಸ್ ಎಂಬ ಹುಲ್ಲು. ಬೆಟ್ಟದ ಒರಟು ಹುಲ್ಲು ತಿಂದು ಬದುಕುವಂತೆ ಮೈಗೂಡಿದ ವೆಲ್ಷ್ ಪೋನಿಗೆ ಅದು ದಿನಾ ಮದುವೆ ಊಟ.

ಈಗ ಅತ್ತೆಯವರ ಮಾತು. ನಮ್ಮಲ್ಲಿ ಕುಂಟೆ ಹೊಡೆಯುವಾಗ ಎತ್ತಿನ ಬಾಯಿಗೆ ಕಟ್ಟುವ ಹಗ್ಗದ ಕುಕ್ಕೆ ಅವರ ಕಣ್ಣ ಮುಂದಿರಬೇಕು. ಅದರ ಕೆಲಸ ಪೈರಿಗೆ ಬಾಯಿ ಹಾಕದಂತೆ ತಡೆಯುವುದು. ಮೇಯುವ ಕುಕ್ಕೆ ಹಾಗಲ್ಲ. ತಳದಲ್ಲಿ ತೂತಿದೆ, ತೂತಿನಿಂದ ಹುಲ್ಲಿನ ತುದಿ ಒಳಗೆ ಬರುತ್ತದೆ, ಪೋನಿ ನಾಲ್ಕೆಂಟು ಎಸಳು ಕಿತ್ತುಕೊಳ್ಳುತ್ತದೆ, ಮತ್ತೆ ಹುಡುಕುತ್ತದೆ. ದಿನವಿಡೀ ನಡೆಯುತ್ತ, ಜೊತೆಯವರೊಂದಿಗೆ ಇದ್ದುಕೊಂಡು ಬಾಯಾಡಿಸುತ್ತಿರಬಹುದು. ಆದರೆ ತೂತು ಮುಚ್ಚುವ ಬಿಲ್ಲೆ ಹಾಕಿಯೋ, ಹುಲ್ಲೇ ಇಲ್ಲದ ಗದ್ದೆಯಲ್ಲಿ ಕಟ್ಟಿಯೋ ಬಿಟ್ಟರೆ ಅದು ಎತ್ತಿನ ಕುಕ್ಕೆಯೇ ಆಗುತ್ತದೆ. ಆಗ ಅತ್ತೆಯವರು ಹೇಳಿದ್ದೇ ಸರಿ.

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ. ಒಂದು ನೈಲಾನ್ ಪಟ್ಟಿ ಹೆಣೆದ ಬುಟ್ಟಿ, ಅದಕ್ಕೆ ದಪ್ಪ ರಬ್ಬರ್ ತಳ, ನಡುವೆ ಎರಡೂವರೆ-ಮೂರು ಸೆಂ.ಮೀ. ಅಗಲದ ಒಂದೇ ತೂತು. ಇನ್ನೊಂದು ಪ್ಲಾಸ್ಟಿಕ್ಕಿನ ಅಥವಾ ಬಾಗುವ ರಬ್ಬರಿನಂಥ ವಸ್ತುವಿನ ಅಚ್ಚು, ತಳದಲ್ಲಿ ಸಾಲು ಸೀಳುಗಳು, ಪಕ್ಕದಲ್ಲಿ ದೊಡ್ಡ ಗಾಳಿಕಿಂಡಿಗಳು. ಮೊದಲನೆಯದು ಹುಲ್ಲನ್ನು ಹೆಚ್ಚು ತಡೆಯುತ್ತದೆ, ಆದರೆ ಒದ್ದೆಯಾದರೆ ಭಾರ, ಸೆಕೆ ಜಾಸ್ತಿ. ಎರಡನೆಯದರಲ್ಲಿ ಉಸಿರಾಟ ಸಲೀಸು, ತೊಳೆಯುವುದು ಸುಲಭ. ಆದರೆ ಗಟ್ಟಿ ಪ್ಲಾಸ್ಟಿಕ್ಕಿಗೆ ಮುಂಭಾಗದ ಹಲ್ಲು ಉಜ್ಜಿ ಸವೆಯುವುದುಂಟು. ಮೊದಲ ಸಲ ಹಾಕುವವರಿಗೆ ಗಾಳಿಯಾಡುವ ಎರಡನೆಯ ಬಗೆಯೇ ವಾಸಿ.

ಅಳತೆಯ ವಿಷಯದಲ್ಲಿ ಡಬ್ಬಿಯ ಮೇಲೆ 'ಪೋನಿ', 'ಕಾಬ್' (ದಪ್ಪ ಮೈಕಟ್ಟಿನ ಕುದುರೆ) ಎಂದು ಬರೆದಿರುವುದನ್ನು ಪೂರ್ತಿ ನಂಬಬೇಡಿ. ವೆಲ್ಷ್ ಪೋನಿಯ ಮೂತಿ ಚೂಪು, ಹಣೆ ಅಗಲ. ಮೂತಿಗೆ ಒಂದು ಸೈಜು, ತಲೆಪಟ್ಟಿಗೆ ಇನ್ನೊಂದು ಸೈಜು ಬೇಕಾಗಬಹುದು. ಹಾಕಿ ನಿಲ್ಲಿಸಿ, ತಲೆ ನೆಟ್ಟಗಿರುವಾಗ ತುಟಿಗೂ ತಳಕ್ಕೂ ನಡುವೆ ಎರಡೂವರೆ ಸೆಂ.ಮೀ. ಸಂದು ಇರಬೇಕು. ತಲೆ ಬಗ್ಗಿಸಿದಾಗ ಕುಕ್ಕೆ ಅಷ್ಟು ಕೆಳಗೆ ಸರಿದು ತುಟಿ ತಳಕ್ಕೆ ತಾಗಬೇಕು. ಸಂದು ಇದಕ್ಕಿಂತ ಜಾಸ್ತಿಯಾದರೆ ಹುಲ್ಲಿನ ತುದಿ ಹಲ್ಲಿಗೆ ಸಿಗುವುದಿಲ್ಲ. ಸಂದೇ ಇಲ್ಲದಿದ್ದರೆ ಗದ್ದ ಉಜ್ಜಿ ಗಾಯ. ಮೂಗಿನ ಹೊಳ್ಳೆ ಯಾವ ಕಡೆಗೂ ತಾಗಬಾರದು. ಪಕ್ಕದಿಂದ ಬೆರಳು ತೂರಿಸಿ ನೋಡಿ, ಎರಡೂ ಕಡೆ ಒಂದೊಂದು ಬೆರಳು ಸುಲಭವಾಗಿ ಆಡಬೇಕು. ಮೂಗಿನ ಪಟ್ಟಿ ಕೆನ್ನೆಯ ಉಬ್ಬು ಮೂಳೆಗಿಂತ ಎರಡು ಬೆರಳು ಕೆಳಗೆ ಕೂರಲಿ. ಮೂಳೆಯ ಮೇಲೇ ಕೂತರೆ ನಾಲ್ಕು ದಿನಕ್ಕೆ ಕೂದಲು ಹೋಗಿ ಚರ್ಮ ಕೆಂಪಾಗುತ್ತದೆ. ಗದ್ದ, ಕೆನ್ನೆ, ಕಿವಿಯ ಹಿಂಭಾಗ ಈ ಮೂರು ಜಾಗಕ್ಕೆ ಮೊದಲೇ ಉಣ್ಣೆಯ ಮೆತ್ತೆ ಸುತ್ತಿಬಿಡಿ.

ಒಂದು ವಿಷಯದಲ್ಲಿ ರಾಜಿ ಬೇಡ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕಿತ್ತುಬರುವ ಕೊಂಡಿ ಇರಲೇಬೇಕು. ಕಿವಿಯ ಹಿಂದಿನ ಪಟ್ಟಿ ತೆಳು ಚರ್ಮದ್ದಾಗಿರಬಹುದು, ವೆಲ್ಕ್ರೋ ಆಗಿರಬಹುದು. ಬೇಲಿ ಗೂಟಕ್ಕೆ ತಗುಲಿ ಪೋನಿ ಹಿಂದಕ್ಕೆ ಎಳೆದಾಗ ಹರಿಯಬೇಕಾದ್ದು ಪಟ್ಟಿ, ಕತ್ತಲ್ಲ. ಇದರಿಂದ ಕುಕ್ಕೆ ಆಗಾಗ ಕಳಚಿ ಬೀಳುತ್ತದೆ, ನಿಜ. ಬಿಡಿ ಪಟ್ಟಿ ಎರಡು ತಂದಿಟ್ಟುಕೊಳ್ಳಿ. ಕಳಚಿದ ಕುಕ್ಕೆಯನ್ನು ಹುಡುಕಲು ಸುಲಭವಾಗಲಿ ಎಂದು ಎದ್ದು ಕಾಣುವ ಬಣ್ಣದ್ದನ್ನೇ ಕೊಳ್ಳಿ. ಹಸಿರು ಕುಕ್ಕೆಯನ್ನು ಹಸಿರು ಗದ್ದೆಯಲ್ಲಿ ಹುಡುಕುವುದು ಯಾರಿಗೂ ಬೇಡ.

ಕೊಂಡ ದಿನವೇ ಕಟ್ಟಿ ಗದ್ದೆಗೆ ಅಟ್ಟಬೇಡಿ. ಮೊದಲು ಲಾಯದಲ್ಲಿ, ಬರೀ ಕೈಯಲ್ಲಿ ಹಿಡಿದ ಕುಕ್ಕೆಯೊಳಗೆ ಒಂದು ಹಿಡಿ ಒಣಹುಲ್ಲು ಹಾಕಿ ಅದಾಗಿ ಮೂತಿ ಇಳಿಸಲಿ. ಆಮೇಲೆ ಕಟ್ಟಿ ಹತ್ತು ನಿಮಿಷ. ಕಟ್ಟಿದ ಮೇಲೆ ಹೊರಗಿನಿಂದ ನೀವೇ ಉದ್ದ ಹುಲ್ಲಿನ ಎಸಳುಗಳನ್ನು ತೂತಿನಲ್ಲಿ ತೂರಿಸಿ ತಿನ್ನಿಸಿ. 'ಇಲ್ಲಿಂದ ಬರುತ್ತೆ' ಎಂದು ತಿಳಿಯುವ ತನಕ ಪೋನಿ ಕಾಲಿನಿಂದ ಕೆರೆಯುತ್ತದೆ, ಮೂತಿಯನ್ನು ಮೊಣಕಾಲಿಗೆ ತಿಕ್ಕುತ್ತದೆ. ತಿಳಿದ ಮೇಲೆ ಹೆಚ್ಚಿನವು ಸುಮ್ಮನಾಗುತ್ತವೆ. ಎರಡನೇ ದಿನ ನೀವು ಜೊತೆಗಿದ್ದು ಗದ್ದೆಯಲ್ಲಿ ಒಂದು ಗಂಟೆ, ಮಾರನೇ ದಿನ ಎರಡು. ವಾರದ ಹೊತ್ತಿಗೆ ಪೂರ್ತಿ ಅವಧಿ. ಮೊದಲ ದಿನಗಳಲ್ಲಿ ಕಾಲು ಗಂಟೆ ನಿಂತು ಅದರ ದವಡೆಯನ್ನೇ ನೋಡಿ. ತಲೆ ಬಗ್ಗಿಸಿರುವುದು ಕಂಡರೆ ಸಾಲದು. ಕಿತ್ತ ಸದ್ದು ಕೇಳಬೇಕು, ಅಗಿಯುವಾಗ ಕಣ್ಣಿನ ಮೇಲಿನ ಗುಳಿ ಆಡಬೇಕು. ಹದಿನೈದು ನಿಮಿಷಕ್ಕೆ ಒಂದೂ ತುತ್ತು ಸಿಗದಿದ್ದರೆ ತೂತನ್ನು ಸ್ವಲ್ಪ ಹಿಗ್ಗಿಸಿ, ಅಂಚನ್ನು ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿ.

ನೀರು ಕುಡಿಯಲು ತೊಂದರೆಯಿಲ್ಲ. ಮೂತಿ ಮುಳುಗಿಸಿದರೆ ತೂತಿನಿಂದ ನೀರು ಒಳಗೆ ಬರುತ್ತದೆ, ಎತ್ತಿದರೆ ಸೋರಿಹೋಗುತ್ತದೆ. ತೊಂದರೆ ಇರುವುದು ತೊಟ್ಟಿಯಲ್ಲಿ. ಒತ್ತಿದರೆ ನೀರು ಬರುವ ಚಿಕ್ಕ ಬಟ್ಟಲಿಗೆ ಕುಕ್ಕೆ ಇಳಿಯುವುದೇ ಇಲ್ಲ. ಅಗಲ ಬಾಯಿಯ ತೊಟ್ಟಿ ಇಡಿ, ಮುಕ್ಕಾಲಿಗಿಂತ ಮೇಲೆ ತುಂಬಿರಲಿ, ಕುಕ್ಕೆಯ ಪಟ್ಟಿಗೆ ಸಿಕ್ಕುವಂಥ ಕೊಕ್ಕೆಯೋ ನಲ್ಲಿಯೋ ಅಂಚಿನಲ್ಲಿ ಇರಬಾರದು. ಕಟ್ಟಿದ ಮೇಲೆ ಒಮ್ಮೆಯಾದರೂ ಅದು ಕುಡಿದದ್ದನ್ನು ಕಣ್ಣಾರೆ ನೋಡದೆ ಗದ್ದೆ ಬಿಟ್ಟು ಬರಬೇಡಿ.

ಹುಲ್ಲಿನ ಎತ್ತರವನ್ನು ಬಹಳ ಜನ ತಲೆಕೆಳಗು ಮಾಡಿಕೊಳ್ಳುತ್ತಾರೆ. 'ಕುಕ್ಕೆಯೂ ಇರಲಿ, ಹುಲ್ಲೂ ಗಿಡ್ಡ ಇರಲಿ' ಎಂದು ಬೋಳು ಗದ್ದೆಗೆ ಬಿಡುತ್ತಾರೆ. ಐದು ಸೆಂ.ಮೀ. ಹುಲ್ಲು ತೂತಿನ ಒಳಗೆ ಬರುವುದೇ ಇಲ್ಲ. ಪ್ರಾಣಿ ದಿನವಿಡೀ ನೆಲ ತಿಕ್ಕಿ ಹಲ್ಲು ಸವೆಸಿಕೊಳ್ಳುತ್ತದೆ. ತುಂಬಾ ಉದ್ದದ ಹುಲ್ಲು ತಳಕ್ಕೆ ಸಿಕ್ಕಿ ಮಡಚಿಕೊಳ್ಳುತ್ತದೆ, ಅದೂ ಸಿಗದು. ಹತ್ತರಿಂದ ಹದಿನೈದು ಸೆಂ.ಮೀ., ಅಂದರೆ ನಿಮ್ಮ ಅಂಗೈ ನಿಲ್ಲಿಸಿದಷ್ಟು, ನೆಟ್ಟಗೆ ನಿಂತ ಹುಲ್ಲು ಬೇಕು. ಬೋಳು ಗದ್ದೆ ಕ್ಷೇಮ ಎನ್ನುವುದೂ ತಪ್ಪು ಲೆಕ್ಕ. ರೈಗ್ರಾಸ್ ತನ್ನ ಸಕ್ಕರೆಯನ್ನು ಕೂಡಿಡುವುದೇ ದಂಟಿನ ಬುಡದಲ್ಲಿ.

ಹೊತ್ತಿನ ವಿಚಾರ. 24 ಗಂಟೆಯಲ್ಲಿ ಹೆಚ್ಚೆಂದರೆ 10ರಿಂದ 12 ಗಂಟೆ ಕುಕ್ಕೆ, ಅದಕ್ಕಿಂತ ಜಾಸ್ತಿ ಬೇಡ. ಹುಲ್ಲಿನ ಸಕ್ಕರೆ ಬಿಸಿಲಿನೊಂದಿಗೆ ಏರುತ್ತ ಸಂಜೆಗೆ ತುದಿ ಮುಟ್ಟುತ್ತದೆ, ರಾತ್ರಿ ಗಿಡ ಬೆಳೆಯುತ್ತ ಅದನ್ನು ಖರ್ಚು ಮಾಡುತ್ತದೆ. ಹಾಗಾಗಿ ಬೆಳಗಿನ ಜಾವದಿಂದ ಹತ್ತು-ಹನ್ನೊಂದರವರೆಗೆ ಒಳ್ಳೆಯ ಹೊತ್ತು. ಒಂದು ಅಪವಾದವಿದೆ: ರಾತ್ರಿ ಚಳಿ 5 ಡಿಗ್ರಿಗಿಂತ ಕೆಳಗಿಳಿದರೆ ಹುಲ್ಲು ಬೆಳೆಯುವುದು ನಿಲ್ಲುತ್ತದೆ, ಸಕ್ಕರೆ ಖರ್ಚಾಗದೆ ಉಳಿಯುತ್ತದೆ. ಇಬ್ಬನಿ ಗಡ್ಡೆಕಟ್ಟಿ ಮೇಲೆ ಬಿಸಿಲು ಹೊಳೆಯುವ ಆ ಚಂದದ ಬೆಳಗು ನಿಮ್ಮ ಪೋನಿಗೆ ಅತಿ ಕೆಟ್ಟ ಬೆಳಗು. ಆ ದಿನ ಕುಕ್ಕೆ ಇದ್ದರೂ ಬಿಡಬೇಡಿ.

ಕೆಲಸ, ಶಾಲೆ ನೋಡಿಕೊಂಡು ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗೆ ಎಂಟು ಗಂಟೆ ಎಂದಿಟ್ಟುಕೊಳ್ಳಿ. ಬರೀ ಬಾಯಲ್ಲಿ ಗಂಟೆಗೆ 0.87 ಕೆ.ಜಿ. ತಿನ್ನುತ್ತಿದ್ದದ್ದು, ಕುಕ್ಕೆ ಶೇ. 80ರಷ್ಟು ತಡೆದರೆ 0.17ಕ್ಕೆ ಇಳಿಯುತ್ತದೆ. ಎಂಟು ಗಂಟೆಗೆ 1.4 ಕೆ.ಜಿ. ಮಿಕ್ಕ ಎರಡೂವರೆ ಕೆ.ಜಿ.ಯನ್ನು ಮೂರು ಕೆ.ಜಿ. ಒಣಹುಲ್ಲಿನಲ್ಲಿ, ಸಣ್ಣ ಕಣ್ಣಿನ ಬಲೆಚೀಲಗಳಲ್ಲಿ ಸಂಜೆಗೂ ರಾತ್ರಿಗೂ ಹಂಚಿ. ಹುಲ್ಲನ್ನು ತೂಗಿ, ತಣ್ಣೀರಿನಲ್ಲಿ ಕೆಲವು ಗಂಟೆ ನೆನೆಸಿ, ಸಕ್ಕರೆ ಇಳಿದ ಆ ನೀರನ್ನು ಚೆಲ್ಲಿ ಕೊಡಿ. ನೆನೆಸಿದಾಗ ಖನಿಜಗಳೂ ಹೋಗುತ್ತವೆ, ಕಾಳಿಲ್ಲದ ಖನಿಜ-ವಿಟಮಿನ್ ಪೂರಕ ಬೇಕು.

ಈ ಶೇ. 80 ಬ್ರಿಟನ್‌ನಲ್ಲಿ ಪೋನಿಗಳ ಮೇಲೆ ಸಿಕ್ಕ ಅಂಕಿ. ಅಮೆರಿಕದ ಮಿನೆಸೋಟಾದಲ್ಲಿ ಬೇರೆ ಹುಲ್ಲುಗಳ ಮೇಲೆ ಕುದುರೆಗಳಿಗೆ ಅಳೆದಾಗ ಸಿಕ್ಕದ್ದು ಸುಮಾರು ಶೇ. 30 ಮಾತ್ರ. ನಿಮ್ಮ ಗದ್ದೆಯಲ್ಲಿ ಶೇ. 30 ಆಗಿಬಿಟ್ಟರೆ ಎಂಟು ಗಂಟೆಗೆ 4.9 ಕೆ.ಜಿ., ಅಂದರೆ ಕುಕ್ಕೆ ಕಟ್ಟಿಯೂ ಕೋಟಾ ಮೀರಿತು. ಆದ್ದರಿಂದ ಮೇಲಿನದು ಆರಂಭದ ಲೆಕ್ಕ ಮಾತ್ರ. ತೀರ್ಪು ಕೊಡುವುದು ಅಳತೆಪಟ್ಟಿ.

ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಒಬ್ಬರೇ ಅಳೆಯಿರಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ, ಎರಡೂ ಸೆಂ.ಮೀ.ನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆ.ಜಿ. ಸುತ್ತಳತೆ 145, ಉದ್ದ 147 ಇದ್ದರೆ 260 ಬರುತ್ತದೆ. ವಾರಕ್ಕೆ ಶೇ. 0.5ರಿಂದ 1 ಇಳಿದರೆ ಹದ, ನಿಮ್ಮದಕ್ಕೆ ಒಂದೂಕಾಲರಿಂದ ಎರಡೂವರೆ ಕೆ.ಜಿ. ಇಷ್ಟು ಸಣ್ಣ ವ್ಯತ್ಯಾಸ ಈ ಸೂತ್ರದಲ್ಲಿ ಒಂದು ವಾರಕ್ಕೆ ಕಾಣುವುದಿಲ್ಲ, ಅದಕ್ಕೆ ಹೊಟ್ಟೆಯ ಅತಿ ಅಗಲದ ಸುತ್ತಳತೆಯನ್ನೂ ಬರೆದಿಡಿ. ಮೊದಲು ಇಳಿಯುವುದು ಅಲ್ಲಿ. ಜೂಲಿನ ಬುಡದ ಕೊಬ್ಬಿನ ದಿಬ್ಬವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೆತ್ತಗಿದ್ದದ್ದು ಗಟ್ಟಿಯಾಗಿ ಸೆಟೆದರೆ ಆ ವಾರವೇ ಹುಲ್ಲು ನಿಲ್ಲಿಸಿ ವೆಟ್‌ಗೆ ತಿಳಿಸಿ.

ಕುಕ್ಕೆ ಸೋಲುವುದು ಹೆಚ್ಚಾಗಿ ಕುಕ್ಕೆ ಬಿಚ್ಚಿದ ಹೊತ್ತಿನಲ್ಲಿ. ಹಗಲು ಹತ್ತು ಗಂಟೆ ಕಟ್ಟಿ, ರಾತ್ರಿ 'ಪಾಪ, ಆರಾಮಾಗಿರಲಿ' ಎಂದು ಬಿಚ್ಚಿ ಅದೇ ಗದ್ದೆಯಲ್ಲಿ ಬಿಟ್ಟರೆ, ಹಗಲು ಉಳಿಸಿದ್ದನ್ನೆಲ್ಲ ರಾತ್ರಿ ಬಡ್ಡಿ ಸಮೇತ ತಿನ್ನುತ್ತದೆ. ಬಿಚ್ಚುವ ಹೊತ್ತಿಗೆ ಪೋನಿ ಲಾಯದಲ್ಲೋ ಹುಲ್ಲಿಲ್ಲದ ಅಂಗಳದಲ್ಲೋ ಇರಬೇಕು, ಮುಂದೆ ತೂಗಿದ ಒಣಹುಲ್ಲು ಇರಬೇಕು. ಎರಡನೆಯ ಸೋಲು ತೂತಿನ ಸವೆತ. ರಬ್ಬರ್ ತಳದ ತೂತು ತಿಂಗಳುಗಳಲ್ಲಿ ಸದ್ದಿಲ್ಲದೆ ದೊಡ್ಡದಾಗುತ್ತದೆ. ಹೊಸದಿದ್ದಾಗಲೇ ಅಳತೆ ಬರೆದಿಟ್ಟು ತಿಂಗಳಿಗೊಮ್ಮೆ ಹೋಲಿಸಿ. ಜೊತೆಯ ಕುದುರೆ ಪಟ್ಟಿ ಕಚ್ಚಿ ಬಿಚ್ಚುವುದೂ ಇದೆ; ಕುಕ್ಕೆ ಕಟ್ಟಿಕೊಂಡದ್ದು ಎದುರು ಕಚ್ಚಲಾಗದು, ಒಬ್ಬರ ಬೆನ್ನೊಬ್ಬರು ಕೆರೆಯುವ ಸುಖವೂ ಇಲ್ಲ. ಕಾಟ ಕೊಡುವ ಜೊತೆಗಾರನಿದ್ದರೆ ಗದ್ದೆ ಬದಲಾಯಿಸಿ. ದಿನಕ್ಕೆ ಎರಡು ಸಲ ಕುಕ್ಕೆ ನೋಡಬೇಕು, ಸಂಜೆ ಬಿಚ್ಚಿದ ಮೇಲೆ ಜೊಲ್ಲು-ಮಣ್ಣು ತೊಳೆದು ಒಣಗಿಸಬೇಕು. ಮುಂಭಾಗದ ಹಲ್ಲನ್ನು ಆರು ತಿಂಗಳಿಗೊಮ್ಮೆ ತೋರಿಸಿ.

ಗಾಬರಿಯಲ್ಲಿ ಮೇವನ್ನು ಏಕಾಏಕಿ ತೀರ ಇಳಿಸಿಬಿಡಬೇಡಿ. ದಪ್ಪ ಪೋನಿಗೆ ಹೊಟ್ಟೆಗಿಲ್ಲದಾದರೆ ಮೈಯ ಕೊಬ್ಬು ರಕ್ತಕ್ಕೆ ನುಗ್ಗಿ ಪಿತ್ತಜನಕಾಂಗವೇ ಕೈಕೊಡಬಹುದು, ಜೀವಕ್ಕೆ ಅಪಾಯ. ಶೆಟ್‌ಲ್ಯಾಂಡ್ ಪೋನಿ ಮತ್ತು ಕತ್ತೆಗಳಲ್ಲಿ ಇದು ಇನ್ನೂ ಬೇಗ. ಮಂಕಾಗಿ ನಿಂತು ಮೇವು ಮೂಸಿ ಬಿಟ್ಟರೆ ಕಾಯಬೇಡಿ. ಮೈತೂಕದ ಶೇ. 1.25ಕ್ಕಿಂತ ಕೆಳಗೆ ವೆಟ್ ಹೇಳದೆ ಇಳಿಯಬಾರದು. 13 ವರ್ಷವಾದ್ದರಿಂದ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ತೊಂದರೆಗೆ ಎಸಿಟಿಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿದ್ದಾರೋ ಎಂದೂ ಕೇಳಿ. ಅದಿದ್ದರೆ ಮಾತ್ರೆ ಬೇಕು, ಕುಕ್ಕೆಯೊಂದೇ ಸಾಲದು.

ಊರಿನಲ್ಲಿ ಕುದುರೆ ಸಾಕಿರುವವರು ಇದನ್ನು ಓದಿ ಕುಕ್ಕೆ ಹುಡುಕಲು ಹೊರಡುವ ಮುನ್ನ ಒಂದು ಮಾತು. ನಮ್ಮ ಗರಿಕೆ ಬಿಸಿನಾಡಿನ ಹುಲ್ಲು, ರೈಗ್ರಾಸಿನ ಹಾಗೆ ಫ್ರಕ್ಟಾನ್ ಎಂಬ ಬಗೆಯ ಸಕ್ಕರೆಯನ್ನು ಕೂಡಿಡುವುದಿಲ್ಲ. ಹಾಗಂತ ಅದರ ಪಿಷ್ಟ, ಸಕ್ಕರೆ ಲೆಕ್ಕಕ್ಕಿಲ್ಲ ಎಂದಲ್ಲ. ಆದರೆ ಬಿಚ್ಚಿಟ್ಟ ಕಾಳಿನ ಚೀಲಕ್ಕೆ ರಾತ್ರಿ ಬಾಯಿ ಹಾಕಿ ಹೊಟ್ಟೆ ಬಿರಿಯೆ ತಿಂದು ಕಾಲು ಹಿಡಿದುಕೊಂಡರೆ ಅದು ಬೇರೆಯೇ ಲ್ಯಾಮಿನೈಟಿಸ್. ಅದಕ್ಕೆ ಬೇಕಾದ್ದು ಉಗ್ರಾಣದ ಬಾಗಿಲಿಗೆ ಬೀಗ.

ಕೊನೆಯದಾಗಿ, ದಿನಾ ಕುಕ್ಕೆ ಕಟ್ಟುವ ಮೊದಲು ಮುಂಗಾಲುಗಳ ಗೆಣ್ಣಿನ ಹಿಂಭಾಗದಲ್ಲಿ, ಪಕ್ಕದ ತೋಡಿನಲ್ಲಿ, ಎರಡು ಬೆರಳಿಟ್ಟು ನಾಡಿ ನೋಡಿ. ಆರೋಗ್ಯವಾಗಿರುವಾಗ ಅದು ಹುಡುಕಿದರೂ ಕಷ್ಟಪಟ್ಟು ಸಿಗುತ್ತದೆ. ಈಗಲೇ ಆ ಮೆಲು ಬಡಿತವನ್ನು ಬೆರಳಿಗೆ ಪರಿಚಯ ಮಾಡಿಸಿ. ಒಂದು ಬೆಳಿಗ್ಗೆ ಅದು ಬೆರಳಿಗೆ ಕುಟ್ಟುವಂತಿದ್ದರೆ, ಗೊರಸು ಬಿಸಿಯಾಗಿದ್ದರೆ, ತಿರುಗುವಾಗ ಹೆಜ್ಜೆ ಕಿರಿದಾಗಿ ಭಾರವನ್ನು ಹಿಂಗಾಲಿಗೆ ಒರಗಿಸಿ ನಿಂತಿದ್ದರೆ, ಆ ದಿನ ಕುಕ್ಕೆಯ ಪ್ರಶ್ನೆಯೇ ಇಲ್ಲ. ಲ್ಯಾಮಿನೈಟಿಸ್ ಶುರುವಾದ ಮೇಲೆ ಕುಕ್ಕೆ ಮದ್ದಲ್ಲ. ಹುಲ್ಲಿನಿಂದ ದೂರವಿಟ್ಟು, ಲಾಯದ ತುಂಬ ಗೋಡೆಯಿಂದ ಗೋಡೆಗೆ ಒಂದು ಅಡಿ ದಪ್ಪ ಮರದ ಹೊಟ್ಟು ಹರಡಿ, ನೀರು ಮತ್ತು ನೆನೆಸಿದ ಒಣಹುಲ್ಲು ಎಟುಕುವಲ್ಲಿ ಇಟ್ಟು, ವೆಟ್‌ಗೆ ಫೋನ್ ಮಾಡಿ. ಅವರು ಬಂದು ನೋಡುವವರೆಗೆ ಅದನ್ನು ನಡೆಸಬೇಡಿ.